ಮೂರನೇ ಸೀಟಿಗೆ ಆಮೆನ್

ನಾನು ಓದಿದ್ದು ನಾಲ್ಕನೇ ಇಯತ್ತೆ. ಬರೆಯುವುದು ನಿಧಾನ. ಆದರೂ ಈ ಸಂತೋಷವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಕೂರಲಾರೆ.

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ಸಂಜೆ ಏಳಕ್ಕೆ ಕುಟುಂಬ ಪ್ರಾರ್ಥನೆ. ಅಕ್ಕಿ ತೊಳೆದು ಕುಕ್ಕರ್ ಏರಿಸಿ ಚಾಪೆ ಹಾಸುತ್ತಿದ್ದೆ. ಕುಕ್ಕರ್ ಮೂರನೇ ಸೀಟಿ ಹೊಡೆಯುವುದಕ್ಕೆ ಸರಿಯಾಗಿ ಆಮೆನ್. ಗದಗಿನ ಕಡೆಯಿಂದ ಮದುವೆಯಾಗಿ ಬಂದ ವರ್ಷ ನಾನೇ ಕಟ್ಟಿಕೊಂಡ ಪ್ರಾರ್ಥನೆ ಅದು. ಯಜಮಾನರು ಠಾಣೆಯ ಕಾರ್ಖಾನೆಗೆ ಹೋಗುತ್ತಿದ್ದರು, ಬಾಗಿಲಲ್ಲಿ ಜೋತುಬಿದ್ದು ಬರುವ ಲೋಕಲ್ ರೈಲು. "ಕರ್ತನೇ, ಅವರನ್ನು ಕ್ಷೇಮವಾಗಿ ಮನೆಗೆ ಕರೆದು ತಾ" ಎನ್ನುವಾಗ ಆಗೆಲ್ಲ ಒಂದೊಂದು ಮಾತೂ ಎದೆಯಿಂದ ಬರುತ್ತಿತ್ತು.

ಅವರು ತೀರಿಕೊಂಡು ಎರಡು ವರ್ಷವಾದ ಮೇಲೆ ಒಂದು ಸಂಜೆ, ಆಮೆನ್ ಹೇಳಿ ಏಳುವಾಗ ಆರು ವರ್ಷದ ಮೊಮ್ಮಗಳು ಸೆರಗು ಜಗ್ಗಿದಳು. ಅವಳಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಹಿಂದಿ.

"ಅಜ್ಜೀ, ಅಜ್ಜ ತೋ ಅಬ್ ನಹೀಂ ಹೈ ನಾ? ಫಿರ್ ಕಿಸ್ಕೋ ಘರ್ ಬುಲಾತೀ ಹೋ?" ಅಜ್ಜ ಈಗಿಲ್ಲವಲ್ಲ, ಮತ್ತೆ ಯಾರನ್ನು ಮನೆಗೆ ಕರೆಯುತ್ತೀ ಎಂದು ಕೇಳಿದಳು.

"ಏ, ಸುಮ್ನಿರು! ಅಜ್ಜಿಗೆ ಹಂಗೆಲ್ಲ ಕೇಳಬಾರ್ದು," ಎಂದು ಸೊಸೆ ಗದರಿದಳು.

ಮಗು ಕೇಳಿದ್ದು ಸರಿಯಾಗಿತ್ತು. ಎರಡು ವರ್ಷ, ದಿನವೂ, ಮಣ್ಣಿಗೆ ಇಟ್ಟು ಬಂದವರನ್ನು ರೈಲಿನಿಂದ ಇಳಿಸಿ ಕಳಿಸು ಎನ್ನುತ್ತಿದ್ದೆ! ಬಾಯಿ ಹೇಳುತ್ತಿತ್ತು, ಕಿವಿ ಕುಕ್ಕರಿನ ಕಡೆಗಿತ್ತು. ಚರ್ಚಿನ ಸಭೆಯವರು ಮಾತ್ರ "ಅವ್ವಾರ, ಪ್ರಾರ್ಥನಿ ಅಂದ್ರ ನಿಮ್ದು" ಎನ್ನುತ್ತಿದ್ದರು. ನಾನೇ ಕೇಳಿಸಿಕೊಳ್ಳದ್ದನ್ನು ದೇವರು ಏಕೆ ಕೇಳಬೇಕು?

ಮರುದಿನ ಚಾಪೆಯ ಮೇಲೆ ಕುಳಿತರೆ ಬಾಯಿ ತೆರೆಯಲಿಲ್ಲ. ನಾಲ್ಕು ದಿನ ಹಾಗೆಯೇ ಕುಳಿತು ಎದ್ದೆವು. ಇನ್ನು ನನ್ನಿಂದ ಪ್ರಾರ್ಥನೆ ಆಗುವುದೇ ಇಲ್ಲವೇನೋ ಎಂದು ಹೆದರಿದೆ.

ಐದನೆಯ ದಿನ ಗ್ಯಾಸ್ ಹಚ್ಚಲೇ ಇಲ್ಲ. ಮೊಣಕಾಲೂರಿದೆ.

"ತಂದೀ, ಏನ್ ಕೇಳಬೇಕೋ ತಿಳೀವಲ್ದು. ಅವರಿಲ್ಲದ ಮನಿ ಭಣಭಣ ಅಂತದ. ನಿನ್ನ ಮ್ಯಾಲೂ ಸಿಟ್ಟದ ನನಗ."

ಅಷ್ಟೇ. ಅವರಿಗಾಗಿ ದೇವರ ಮುಂದೆ ಅತ್ತದ್ದು ಅಂದೇ ಮೊದಲು. ಅಳುತ್ತಿರುವಾಗ ತೊಡೆಯ ಮೇಲೆ ಪುಟ್ಟ ಕೈ ಬಂತು.

"ದೇವರೇ, ಅಜ್ಜಿ ಅಳ್ತಾಳ. ನೋಡು."

ಅವಳ ಬಾಯಿಂದ ಕನ್ನಡ! ಸೊಸೆಯೂ ಕಣ್ಣು ತೆರೆದು ನೋಡಿದಳು. ಎಷ್ಟೋ ವರ್ಷದ ಮೇಲೆ ನನ್ನ ಮಾತು ಮತ್ತೆ ಎದೆಯಿಂದ ಬಂದಿತ್ತು. ದೇವರು ಎದುರಿಗೇ ಕೂತು ಕೇಳುತ್ತಿದ್ದ.

ಸ್ವಲ್ಪ ಹೊತ್ತಿಗೆ ಮಗು ಪಿಸುಗುಟ್ಟಿತು: "ಅಜ್ಜೀ, ಆಜ್ ಸೀಟೀ ನಹೀಂ ಬಜೀ. ಆಮೆನ್ ಕಬ್ ಬೋಲ್ನಾ ಹೈ?" ಸೀಟಿಯೇ ಆಗಲಿಲ್ಲ, ಆಮೆನ್ ಯಾವಾಗ ಹೇಳುವುದು ಎಂಬ ಚಿಂತೆ ಅವಳಿಗೆ.

"ಮಾತು ಮುಗಿದಾಗ ಹೇಳೂಣವ್ವಾ."

ಆ ದಿನ ಊಟ ತಡವಾಯಿತು. ಈಗಲೂ ದಿನಾ ತಡವೇ.