ಚಿಕ್ಕಬೋರಮ್ಮನ ಮೊಬೈಲು, ಮೂಗಮ್ಮನ ರಾಗಿ

ಗೋವಿಂದನಹಳ್ಳಿ ಪಕ್ಕದ ನಮ್ಮೂರಿನಲ್ಲಿ ಸಮುದ್ರ ಕಂಡವರೇ ಕಡಿಮೆ. ಆದರೂ ಬಂಗಾಳ ಕೊಲ್ಲಿಯಲ್ಲಿ ಗಾಳಿ ಸುತ್ತತೊಡಗಿದರೆ ಮೊದಲು ಗೊತ್ತಾಗುವುದು ನಮ್ಮ ಚಿಕ್ಕಬೋರಮ್ಮನಿಗೆ, ಊರವರ ಬಾಯಲ್ಲಿ ಬೋರಕ್ಕನಿಗೆ. ಮಗಳು ತನುಶ್ರೀ ಚೆನ್ನೈನಲ್ಲಿ ನರ್ಸು. ಅವಳ ಚಿಂತೆಯಿಂದ ಶುರುವಾದ ಅಭ್ಯಾಸ ಇದು. ಮೊಬೈಲಿನಲ್ಲಿ ಚಂಡಮಾರುತದ ನಕ್ಷೆ ನೋಡುವುದು, ಕೂಡಲೇ ಮಗಳಿಗೆ ಫೋನು: "ನೀರು ತುಂಬಿಟ್ಕಂಡ್ಯಾ? ಮೇಣದ ಬತ್ತಿ ತಂದ್ಯಾ? ಕಿಟ್ಕಿ ಅತ್ರ ಮಲಗ್ಬ್ಯಾಡ ಕಣವ್ವ." ಅಲ್ಲಿ ಗಾಳಿ ದಡ ಮುಟ್ಟಿದ ಮಾರನೇ ದಿನ ಇಲ್ಲಿ ಮಳೆ. ಐದನೇ ಕ್ಲಾಸಿಗೇ ಶಾಲೆ ಬಿಟ್ಟ ಹೆಂಗಸು ಈ ಲೆಕ್ಕವನ್ನು ತಾನೇ ಕಂಡುಕೊಂಡಳು.

ಹೋದ ವರ್ಷ ಆ ಲೆಕ್ಕ ಕೈಕೊಟ್ಟಿತು. ಮಳೆ ಬರುತ್ತದೆ ಎಂದ ಬೋರಕ್ಕನ ಮಾತು ನಂಬಿ, ಪಕ್ಕದ ಹೊಲದ ಮೂಗಮ್ಮ ಕುಯ್ದ ರಾಗಿಯನ್ನು ಒಣಗುವ ಮೊದಲೇ ಒಂದರ ಮೇಲೊಂದು ಪೇರಿಸಿ ಮೆದೆ ಒಟ್ಟಿಬಿಟ್ಟಳು. ಚಂಡಮಾರುತ ಆಂಧ್ರದ ಕಡೆ ತಿರುಗಿತು. ನಮಗೆ ಒಂದು ಹನಿಯೂ ಬೀಳಲಿಲ್ಲ. ಹಸಿ ಮೆದೆ ಒಳಗೊಳಗೇ ಬಿಸಿಯಾಗಿ ಬೂಷ್ಟು ಹಿಡಿದು, ಮೂಗಮ್ಮನ ವರ್ಷದ ಹಿಟ್ಟು ಮಣ್ಣುಪಾಲಾಯಿತು. ಅಂದಿನಿಂದ ಅವಳು ಬೋರಕ್ಕನ ಜೊತೆ ಮಾತು ಬಿಟ್ಟಳು.

ಈ ವರ್ಷ ಮತ್ತೆ ಚಂಡಮಾರುತ. ಇಬ್ಬರ ರಾಗಿಯೂ ಕುಯ್ದು ಹೊಲದಲ್ಲೇ ಬಿದ್ದಿತ್ತು. ಬೆಳಿಗ್ಗೆ ತನುಶ್ರೀ ಫೋನು ಮಾಡಿದಳು: "ಅವ್ವ, ಗಾಳಿ ಬಂದ್ಬುಡ್ತು. ಮರ ಬೀಳ್ತಾವೆ. ನಾವು ಆಸ್ಪತ್ರೇಲೇ ಉಳ್ಕಂಡಿದೀವಿ."

ಅಂದು ಮುಯ್ಯಾಳಿನ ಸರದಿ ಬೋರಕ್ಕನದು. ಮುಯ್ಯಾಳಿಗೆ ಕೂಲಿ ಇಲ್ಲ. ಇವತ್ತು ನಿಮ್ಮ ಹೊಲ, ನಾಳೆ ನಮ್ಮ ಹೊಲ, ಅಷ್ಟೇ. ನಾವು ಎಂಟು ಜನ ಹೋಗಿ ನಿಂತರೆ ಈಕೆ ಮೂಗಮ್ಮನ ಹೊಲದ ಕಡೆ ಕೈ ತೋರಿಸಿದಳು.

ನನಗೆ ಪಿತ್ತ ನೆತ್ತಿಗೇರಿತು. "ತಲೆ ಕೆಟ್ಟದಾ ಬೋರಕ್ಕ? ನಿನ್ ರಾಗಿ ನೆನೀತದೆ!"

"ನೆನೀಲಿ ಬುಡ್ಲಾ ಶಿವಶಂಕರ. ನನ್ ಮಾತು ಕೇಳಿ ಅವ್ಳು ಒಂದು ವರ್ಸ ಹಿಟ್ಟು ಕಳ್ಕಂಡವ್ಳೆ."

ಮೂಗಮ್ಮ ಬದುವಿನ ಮೇಲೆ ಅಡ್ಡ ನಿಂತಳು. "ಯಾರೂ ಮುಟ್ಬ್ಯಾಡಿ! ಇನ್ನೂ ಒಣಗ್ಬೇಕು!"

ಬೋರಕ್ಕ ವಾದ ಮಾಡಲಿಲ್ಲ. ಮೂಗಮ್ಮನ ರಾಗಿಯಿಂದಲೇ ಒಂದು ಕಡ್ಡಿ ಎತ್ತಿಕೊಂಡು ಅವಳ ಎದುರಿಗೇ ಮುರಿದಳು. ಒಣಗಿದ್ದ ಕಡ್ಡಿ ಪಟಕ್ಕನೆ ಮುರಿಯಿತು. "ಹೋದ್ವರ್ಸ ಮೋಡ ನೋಡ್ದೆ, ಕಡ್ಡಿ ನೋಡ್ಲಿಲ್ಲ. ತಪ್ಪು ನಂದೇ ಕಣವ್ವ."

ಮೂಗಮ್ಮ ಬದುವಿನಿಂದ ಪಕ್ಕಕ್ಕೆ ಸರಿದಳು.

ಅವಳ ಮೆದೆ ಒಟ್ಟಿ, ಟಾರ್ಪಾಲು ಹೊದಿಸಿ, ಬೋರಕ್ಕನದರಲ್ಲಿ ಕಾಲುಭಾಗ ಮುಗಿಸುವಷ್ಟರಲ್ಲಿ ಕತ್ತಲಾಯಿತು. ಮಾರನೇ ಬೆಳಿಗ್ಗೆ ಹಿಡಿದ ಮಳೆ ಎರಡು ದಿನ ಬಿಡಲಿಲ್ಲ. ಬೋರಕ್ಕನ ರಾಗಿ ಅಲ್ಲಲ್ಲಿ ಮೊಳಕೆ ಒಡೆಯಿತು. ನನಗೆ ಸಂಕಟವಾಯಿತು, ನಿಜ. ಆದರೆ ತಪ್ಪಾಯಿತು ಎಂದು ಬಾಯಲ್ಲಿ ಹೇಳುವವರನ್ನೇ ನಾನು ಹೆಚ್ಚು ಕಂಡಿಲ್ಲ. ಹೇಳಿ, ಸ್ವಂತ ಹೊಲ ನೆನೆಯಲು ಬಿಟ್ಟವಳು ಇವಳೊಬ್ಬಳೇ.

ಮೂರನೇ ದಿನವೂ ತುಂತುರು. ಬೋರಕ್ಕ ಜಗಲಿಯಲ್ಲಿ ಕೂತಿದ್ದಳು, ನಾನೂ ಅಲ್ಲೇ ಇದ್ದೆ. ಮೂಗಮ್ಮ ತಲೆಗೆ ಗೋಣಿ ಹಾಕಿಕೊಂಡು ಬಂದವಳು, ವರ್ಷದ ಮೇಲೆ ಬೋರಕ್ಕನ ಹತ್ತಿರ ಬಾಯಿ ಬಿಟ್ಟಳು.

"ಬೋರಕ್ಕ, ಆ ಮೊಬೈಲ್ನಾಗೆ ನೋಡು, ಬಿಸ್ಲು ಯಾವತ್ತು ಬತ್ತದೆ ಅಂತ. ನಿನ್ ರಾಗಿ ತಿರುವಾಕಕ್ಕೆ ನಾನೂ ಬತ್ತೀನಿ."