ನಿಲ್ಲಲು ಕಲಿಸಿದ ಸೀತ್ಸ್ಕೆ

ಹೂವಿನ ಹರಾಜಿನ ಊರಾದ ಆಲ್ಸ್‌ಮೇರ್‌ನ ವ್ಯಾಪಾರಿಗಳು ಯಾರನ್ನೂ ಸುಲಭಕ್ಕೆ ಹೊಗಳುವುದಿಲ್ಲ. ಹೊಗಳಿದರೆ ಎದುರಿನವನು ದರ ಏರಿಸಿಯಾನೆಂಬ ಭಯ. ಆದರೂ ಸೀತ್ಸ್ಕೆಯ ಹೆಸರೆತ್ತಿದರೆ ಅವರಲ್ಲೊಬ್ಬನಾದ ಗೆರ್ಲೋಫ್ ತಲೆಯ ಮೇಲಿನ ಟೋಪಿ ತೆಗೆಯುತ್ತಾನೆ.

ಸೀತ್ಸ್ಕೆ ಹೂ ಮಾರುವವರ ಮನೆಯಲ್ಲೇ ಬೆಳೆದವಳು. ಬೆನ್ನುನೋವು ಹಿಡಿದ ಮೇಲೆ ಹೂವಿನ ಬಕೆಟ್ ಎತ್ತುವುದು ಬಿಟ್ಟು ಕಂಪ್ಯೂಟರ್ ಪ್ರೋಗ್ರಾಂ ಬರೆಯಲು ಕಲಿತಳು. ಗೆರ್ಲೋಫನಿಗೂ ಒಂದು ಬರೆದುಕೊಟ್ಟಳು. ಅಲ್ಲಿನ ಹರಾಜಿನ ಗಡಿಯಾರದಲ್ಲಿ ದರ ಮೇಲಿನಿಂದ ಇಳಿಯುತ್ತ ಬರುತ್ತದೆ. ಮೊದಲು ಗುಂಡಿ ಒತ್ತಿದವನಿಗೆ ಹೂವು. ಆ ಒತ್ತುವ ಕೆಲಸವನ್ನು ಪ್ರೋಗ್ರಾಂ ಪರದೆಯ ಹಿಂದೆ ಕೂತು ತಾನೇ ಮಾಡುತ್ತಿತ್ತು.

ಒಂದು ಬೆಳಿಗ್ಗೆ, ಬೇಕಾದಷ್ಟು ಬಿಳಿ ಲಿಲ್ಲಿ ಸಿಕ್ಕಿತೆಂದು ಗೆರ್ಲೋಫ್ ಪ್ರೋಗ್ರಾಂ ಮುಚ್ಚಿ ಕಾಫಿಗೆ ಎದ್ದ. ಕಾಫಿ ಹೊತ್ತಾಯಿತೆಂದರೆ ಆ ಊರಿನವರು ಉರಿಯುವ ಮನೆಯನ್ನೂ ಬಿಟ್ಟು ಏಳುವವರು. ಪರದೆಯೇನೋ ಮುಚ್ಚಿತು, ಆದರೆ ಯಜಮಾನ ಎದ್ದುಹೋದನೆಂದು ಹಿಂದೆ ಗುಂಡಿ ಒತ್ತುತ್ತಿದ್ದ ಭಾಗಕ್ಕೆ ಯಾರೂ ಹೇಳಲಿಲ್ಲ. ಅದು ಕೊಳ್ಳುತ್ತಲೇ ಹೋಯಿತು. ಇವನು ಬಿಸ್ಕತ್ತು ಅದ್ದಿ ತಿನ್ನುವಷ್ಟರಲ್ಲಿ ಅಂದಿನ ಲಿಲ್ಲಿಯೆಲ್ಲ ಇವನ ಪಾಲು.

ಸಣ್ಣ ವ್ಯಾಪಾರಿಗಳು ಮುಖ ತಿರುಗಿಸಿದರು. ಮಾಲು ಬಾಚಿಕೊಂಡು ಕೂರುವವನ ಜೊತೆ ಅಲ್ಲಿ ಯಾರೂ ವ್ಯವಹಾರ ಇಟ್ಟುಕೊಳ್ಳುವುದಿಲ್ಲ. ಹಳೆಯ ಗೆಳೆಯ ವೀಬೆಯೇ, "ನಾಳೆ ಗಾಳೀನೂ ಕೊಂಡ್ಬಿಡಪ್ಪ. ಉಸಿರು ಬೇಕಾದಾಗ ನಿನ್ ಅಂಗಡಿಗೇ ಬರ್ತೀವಿ," ಎಂದ. ಗೆರ್ಲೋಫ್ ಸೀತ್ಸ್ಕೆಗೆ ಫೋನ್ ಮಾಡಿದ.

ಸೀತ್ಸ್ಕೆ ಸೈಕಲ್ ತುಳಿದುಕೊಂಡು ಬಂದಳು. ಇನ್ನು ಮೇಲೆ ತಾನು ಎದ್ದೊಡನೆ ಪ್ರೋಗ್ರಾಂನ ಕತ್ತು ಹಿಸುಕುವಂತೆ ಮಾಡೆಂದು ಅವನು ಗೋಗರೆದ.

"ನಡುವೆ ಹಿಸುಕಿದ್ರೆ ಗುಂಡಿ ಒತ್ತಿ ಆಗಿರುತ್ತೆ, ರಶೀದಿ ಬಂದಿರಲ್ಲ. ಕೊಂಡಿದ್ಯೋ ಇಲ್ವೋ ನಿಂಗೇ ಗೊತ್ತಿರಲ್ಲ," ಎಂದಳು. "ಮೊದ್ಲು ಅದಕ್ಕೆ ಸಾಕು ಅನ್ಬೇಕು, ಕೈಲಿರೋದನ್ನ ಮುಗಿಸೋಕೆ ಬಿಡ್ಬೇಕು, ಆಮೇಲೆ ಬಾಗ್ಲು ಹಾಕ್ಬೇಕು."

ಹಾಗೆಯೇ ತಿದ್ದಿದಳು. ಅಷ್ಟಕ್ಕೇ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ, ನೆಟ್ಟಗೆ ಕ್ಯಾಂಟೀನಿಗೆ ನಡೆದು ವ್ಯಾಪಾರಿಗಳೆಲ್ಲರೆದುರು ನಿಂತಳು.

"ತಪ್ಪು ನಂದು. ಪ್ರೋಗ್ರಾಂಗೆ ಕೊಳ್ಳೋದು ಕಲಿಸ್ದೆ, ನಿಲ್ಲೋದು ಕಲಿಸ್ಲಿಲ್ಲ. ಬೇಕಂತ ಬಾಚ್ಕೊಳ್ಳೋ ಬುದ್ಧಿ ಈ ಗೆರ್ಲೋಫನಿಗೆ ಇದ್ದಿದ್ರೆ ಇಷ್ಟೊತ್ತಿಗೆ ಸಾಹುಕಾರ ಆಗ್ತಿದ್ದ."

ನಗು ಎದ್ದಿತು. ಕೊಂಡ ದರಕ್ಕೇ ಲಿಲ್ಲಿ ಹಂಚುತ್ತೇನೆಂದು ಗೆರ್ಲೋಫ್ ಹೇಳಿದಾಗ ಮೊದಲು ಗಾಡಿ ತಳ್ಳಿಕೊಂಡು ಬಂದವನು ವೀಬೆ. ತನ್ನ ಸರಕಿನ ಹುಳುಕನ್ನು ತಾನೇ ಸಾರುವ ವ್ಯಾಪಾರಿಯನ್ನು ಗೆರ್ಲೋಫ್ ಅದುವರೆಗೆ ಕಂಡಿರಲಿಲ್ಲ. ಹಾಗೆ ಸಾರಿದ್ದಕ್ಕೆ ಸೀತ್ಸ್ಕೆಗೆ ಆ ತಿಂಗಳು ಇಬ್ಬರು ಗಿರಾಕಿಗಳು ತಪ್ಪಿದರೆಂದು ಅವನಿಗೆ ಆಮೇಲೆ ತಿಳಿಯಿತು.

ಮರುದಿನ ಅವನು ಪ್ರೋಗ್ರಾಂ ಮುಚ್ಚಹೊರಟಾಗ, ಕೈಲಿರುವುದನ್ನು ಮುಗಿಸುತ್ತಿದ್ದೇನೆ, ತಾಳಿ ಎಂದು ಪರದೆ ಹೇಳಿತು. ಕೋಟು ಹಾಕಿಕೊಂಡವನು ಹಾಗೆಯೇ ನಿಂತು ಕಾದ. ನಿಲ್ಲಿಸಿದೆ ಎಂದು ಬಂದ ಮೇಲೆಯೇ ಹೊರಟ. ಕ್ಯಾಂಟೀನಿನಲ್ಲಿ ಅವನ ಕಾಫಿ ಆರದಂತೆ ವೀಬೆ ತಟ್ಟೆ ಮುಚ್ಚಿಟ್ಟಿದ್ದ.