ಕೂಗಿ ಹೇಳುತ್ತಿದ್ದ ಅಕ್ಕೋರು

ಅಕ್ಕೋರ ಹುಬ್ಬು ಯಾವಾಗಲೂ ಬೆಳ್ಳಗಿರುತ್ತಿತ್ತು. ವಯಸ್ಸಿನ ಬಿಳುಪಲ್ಲ, ತಲೆಗೂದಲು ಕಪ್ಪಾಗಿಯೇ ಇತ್ತು. ಅರ್ಧ ಚಾಕ್‌ಪೀಸಿನ ಪುಡಿ, ಅರ್ಧ ಜೋಳದ ಹಿಟ್ಟು. ಸಂಜೆ ಶಾಲೆ ಬಿಟ್ಟ ಮೇಲೆ ಅವರು ನೆಟ್ಟಗೆ ಮನೆಗೆ ಹೋಗುತ್ತಿರಲಿಲ್ಲ. ಕುಷ್ಟಗಿಯ ನಮ್ಮ ಓಣಿಯ ತುದಿಯಲ್ಲಿರುವ ಹಿಟ್ಟಿನ ಗಿರಣಿಗೆ ಹೋಗಿ ನಿಲ್ಲುತ್ತಿದ್ದರು. ಗಿರಣಿಯಲ್ಲಿ ಒಂದು ತಾಸು ನಿಂತವರ ಮುಖದ ಮೇಲೆ ಹಿಟ್ಟು ತಾನಾಗಿ ಕೂಡುತ್ತದೆ. ಹೊರಡುವಾಗ ಸೆರಗಿನಿಂದ ಮುಖ ಒರೆಸಿಕೊಳ್ಳುವರು, ಹುಬ್ಬು ಮರೆಯುವರು. ಹಾಗೆಯೇ ಬಜಾರು ದಾಟಿ ಹೋಗುವರು.

ನಮ್ಮ ಕಡೆ ಟೀಚರಿಗೆ ಅಕ್ಕೋರು ಅನ್ನುತ್ತಾರೆ. ಕಾನ್ವೆಂಟಿನಲ್ಲಿ ಸಿಸ್ಟರ್, ಮಿಸ್ ಎಂದು ಕರೆದು ಬೆಳೆದ ನನ್ನ ಬಾಯಿಗೆ ಆ ಶಬ್ದ ಹೊಂದಲು ಬಹಳ ದಿನ ಬೇಕಾಯಿತು.

ಅವರು ಗಿರಣಿಗೆ ಹೋಗುತ್ತಿದ್ದದ್ದು ಬೀಸಿಸಲಿಕ್ಕಲ್ಲ. ಶಾಲೆಯಲ್ಲಿ ಪೋಷಕರ ಸಭೆ ಇಟ್ಟರೆ ಬರುವವರಿರಲಿಲ್ಲ. ತಾಯಂದಿರಲ್ಲಿ ಬಹಳಷ್ಟು ಜನ ಬೀಜದ ಹತ್ತಿಯ ಹೊಲಗಳಿಗೆ ಒಂದು ಹೂವಿನ ಪರಾಗ ಇನ್ನೊಂದಕ್ಕೆ ಮುಟ್ಟಿಸುವ ಕ್ರಾಸಿಂಗ್ ಕೂಲಿಗೆ ಹೋಗುವವರು. ಹೂವು ಯಾರ ಸಭೆಗೂ ಕಾಯುವುದಿಲ್ಲ. ಬಂದ ಒಬ್ಬಿಬ್ಬರು ಗಂಡಸರು ಸಹಿ ಎಲ್ಲಿ ಹಾಕಬೇಕೆಂದು ಕೇಳಿ, ಹಾಕಿ, ಹೋಗುತ್ತಿದ್ದರು. ಆದರೆ ಜೋಳ ಬೀಸಿಸದೆ ಯಾರ ಮನೆಯೂ ನಡೆಯುವುದಿಲ್ಲ. ಸಂಜೆ ಕರೆಂಟು ಬರುವ ಹೊತ್ತಿಗೆ ಡಬ್ಬಿಗಳು ಸಾಲಾಗಿ ಕೂತಿರುತ್ತಿದ್ದವು, ಡಬ್ಬಿಗಳ ಹಿಂದೆ ತಾಯಂದಿರು. ಅಕ್ಕೋರು ತಮ್ಮ ಸಭೆಯನ್ನು ಅಲ್ಲಿಗೇ ಒಯ್ದುಬಿಟ್ಟರು.

ಅಲ್ಲಿ ಅವರದೊಂದು ನೇಮವಿತ್ತು. ಮಗುವಿನ ಬಗ್ಗೆ ಹೇಳಬೇಕಾದದ್ದು ಚೆನ್ನಾಗಿಲ್ಲದಿದ್ದರೆ, ಗಿರಣಿ ಓಡುತ್ತಿರುವಾಗ ತಾಯಿಯ ಕಿವಿಗೆ ಬಾಯಿ ಹಚ್ಚಿ ಹೇಳುವರು. ಆ ಗದ್ದಲದಲ್ಲಿ ಪಕ್ಕದವಳಿಗೂ ಕೇಳಿಸದು. ಚೆನ್ನಾದದ್ದಿದ್ದರೆ ತಡೆದು ಇಟ್ಟುಕೊಳ್ಳುವರು; ಕರೆಂಟು ಹೋಗಿಯೋ ಪಟ್ಟಾ ಜಾರಿಯೋ ಗಿರಣಿ ನಿಂತು ಎಲ್ಲ ಸುಮ್ಮನಾದಾಗ, ಎಲ್ಲರೂ ಕೇಳುವಂತೆ ಹೇಳುವರು.

"ಅಕ್ಕೋರ, ಗಿರಣಿ ಓಡಾಕತ್ತಾಗ ನನ್ನ ಕಡೆ ಬರಬ್ಯಾಡ್ರಿ, ಎದಿ ಡವಡವ ಅಂತೈತಿ" ಎಂದು ಒಬ್ಬಾಕೆ ಸರಿದು ನಿಂತದ್ದನ್ನು ನಾನೇ ನೋಡಿದ್ದೇನೆ. ಅಕ್ಕೋರು ಬಿಡದೆ ಕಿವಿಯಲ್ಲಿ ಏನೋ ಹೇಳಿದರು. ಆಕೆ ಬಿದ್ದು ಬಿದ್ದು ನಕ್ಕು, ಗಿರಣಿ ನಿಂತದ್ದೇ ತಡ, ತಾನೇ ಎಲ್ಲರಿಗೂ ಒದರಿದಳು: "ಕೇಳ್ರವಾ, ನನ್ನ ಮಗ ಮಗ್ಗ್ಯಾಗ ಮೂರೇಳ್ಲೆ ಹೇಳಿದಾಂವ ಸೀದಾ ಮೂರೊಂಬತ್ಲೆಗೆ ಹಾರ್ತಾನಂತ. ಎಂಟು ಮಾಯ! ಅವರಪ್ಪಂದೂ ಇದs ಚಾಳಿ, ನಡುನಡುವ ಮಾಯ ಆಗ್ತಾನ."

ಅಕ್ಕೋರು ಹೋಮ್‌ವರ್ಕ್ ಮಕ್ಕಳಿಗಿಂತ ತಾಯಂದಿರಿಗೇ ಹೆಚ್ಚು ಕೊಡುತ್ತಿದ್ದರು. ಬರೆಯುವ ಓದುವ ಕೆಲಸವಲ್ಲ, ಒಂದೇ ಒಂದು ಪ್ರಶ್ನೆ. "ರಾತ್ರಿ ಉಣ್ಣಾಕ ಕುಂತಾಗ ಮಗಳಿಗೆ ಇಷ್ಟ ಕೇಳವಾ. ಒಗದು ಹಾಕಿದ ಹಸಿ ಅರಬಿ ಒಣಗಿದ ಮ್ಯಾಲ ಅದರಾಗಿನ ನೀರು ಎಲ್ಲಿ ಹೋತು, ಅಂತ."

"ನನಗs ಗೊತ್ತಿಲ್ಲಲ್ರಿ ಅಕ್ಕೋರ."

"ಗೊತ್ತಿರದಿದ್ರನs ಛಲೋ. ಗೊತ್ತಿದ್ದವರು ತಾವs ಹೇಳಿಬಿಡ್ತಾರ. ನೀ ಬರೇ ಕೇಳು, ಆಕಿ ಹೇಳ್ತಾಳ."

ಇದೆಲ್ಲ ನನಗೆ ಗೊತ್ತಾದದ್ದು ನನ್ನ ಮಗಳು ತೀರಿಕೊಂಡ ಮೇಲೆ. ಜ್ವರ ಬಂತು, ಹೋದಳು. ಅಷ್ಟೇ ಬರೆಯಬಲ್ಲೆ. ಹಲ್ಲಿನ ಡಾಕ್ಟರರು ಇಂಜೆಕ್ಷನ್ ಕೊಟ್ಟ ಮೇಲೆ ನಮ್ಮ ಗಲ್ಲ ನಾವೇ ಮುಟ್ಟಿಕೊಂಡರೂ ಬೇರೆಯವರದು ಅನ್ನಿಸುತ್ತದಲ್ಲ, ಅಂದಿನಿಂದ ನಾನು ಇಡೀ ಹಾಗೇ ಇದ್ದೇನೆ. ಅಳಿಯನಿಗೆ ಕೊಪ್ಪಳದ ಹತ್ತಿರ ಕಬ್ಬಿಣದ ಫ್ಯಾಕ್ಟರಿಯಲ್ಲಿ ಶಿಫ್ಟ್ ಡ್ಯೂಟಿ. ಎರಡನೆಯ ತರಗತಿಯ ಮೊಮ್ಮಗಳು ನನ್ನ ಪಾಲಿಗೆ ಬಂದಳು. ವರ್ಷದ ನಡುವೆ ಯಾವ ಇಂಗ್ಲಿಷ್ ಮೀಡಿಯಂ ಸ್ಕೂಲಿನಲ್ಲಿ ಸೀಟು ಸಿಗುತ್ತದೆ? ಹತ್ತಿರದ ಸರಕಾರಿ ಶಾಲೆಗೆ ಹಾಕಿದೆವು, ಟೆಂಪರರಿ ಎಂದು. ಜೂನಿಗೆ ದೂರದ ಊರಿನ ಒಂದು ಕಾನ್ವೆಂಟ್ ಹಾಸ್ಟೆಲ್. ಅದು ನನ್ನದೇ ತೀರ್ಮಾನ. ನಾನೂ ಆರು ವರ್ಷಕ್ಕೆ ಹಾಸ್ಟೆಲ್ ಸೇರಿದವಳು. ಮಗುವನ್ನು ಬೆಳೆಸಲು ಒಳಗೆ ಏನೋ ಇರಬೇಕು. ನನ್ನಲ್ಲಿ ಅದು ಉಳಿದಿರಲಿಲ್ಲ. ಹಾಸ್ಟೆಲ್ಲಿನಲ್ಲಿ ಗಂಟೆ ಹೊಡೆಯುತ್ತದೆ, ಊಟ ಬರುತ್ತದೆ, ದೀಪ ಆರುತ್ತದೆ. ನನಗಿಂತ ಅದು ಮೇಲು ಎಂದುಕೊಂಡಿದ್ದೆ.

ಗಿರಣಿಗೆ ನಾನೂ ಡಬ್ಬಿ ಒಯ್ಯುತ್ತಿದ್ದೆ. ಅಕ್ಕೋರು ಎಲ್ಲರ ಕಿವಿಗೂ ಬಾಯಿ ಹಚ್ಚುವರು, ನನಗೆ ಮಾತ್ರ ಕೈ ಮುಗಿದು ಸುಮ್ಮನಿರುವರು. ನನ್ನ ಪಾಲಿನ ವರದಿಗೆ ಗುರುವಾರ ಸಂಜೆ ಮನೆಗೇ ಬರುವರು. ಹೊಸ್ತಿಲ ಹೊರಗೆ ನಿಂತು, ಓಣಿ ಹಾರಿಹೋಗುವಂತೆ ಕೂಗುವರು.

"ಅಮ್ಮಾರs! ನಿಮ್ಮ ಹುಡುಗಿ! ಕೂಡಸೂ ಲೆಕ್ಕ! ಛಲೋ ಮಾಡ್ಯಾಳ್ರಿ! ದಶಕ ಕೈಯಾಗ ಹಿಡಕೊಂಡು!" ಜೊತೆಗೆ ಅಭಿನಯ. ದಶಕವೆಂದರೆ ಹತ್ತೂ ಬೆರಳು ನನ್ನ ಮುಖದೆದುರು. ನೀರಿನ ಪಾಠವೆಂದರೆ ಕೈಯಲ್ಲಿ ಅಲೆ.

ನಾನು ಬೆಳೆದದ್ದು 'ಲೋವರ್ ಯುವರ್ ವಾಯ್ಸ್, ಗರ್ಲ್ಸ್' ಎನ್ನುವ ಕಡೆ. ಈ ಹೆಂಗಸಿಗೆ ಮ್ಯಾನರ್ಸ್ ಇಲ್ಲ, ಗಿರಣಿಯಲ್ಲಿ ಕೂಗಿ ಕೂಗಿ ಗಂಟಲು ಹಾಗೇ ನಿಂತಿದೆ ಎಂದುಕೊಳ್ಳುತ್ತಿದ್ದೆ. ತಲೆಯಾಡಿಸಿ, ಥ್ಯಾಂಕ್ ಯೂ ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಏನು ಹೇಳಿದರೆಂಬುದು ಒಳಗೆ ಬರುವಷ್ಟರಲ್ಲಿ ಮರೆತಿರುತ್ತಿತ್ತು. ಎದುರು ಅಂಗಡಿಯ ಟೇಲರನಿಗೆ ನನ್ನ ಮೊಮ್ಮಗಳ ಪಾಠ ನನಗಿಂತ ಚೆನ್ನಾಗಿ ಗೊತ್ತಿತ್ತು. "ಅಮ್ಮಾರ, ಈ ವಾರ ಕಳಿಯೂ ಲೆಕ್ಕಕ್ಕ ಬಂದೀವಿ ನೋಡ್ರಿ" ಎಂದು ಮೆಷಿನ್ ತುಳಿಯುತ್ತಲೇ ಹೇಳುತ್ತಿದ್ದ.

ಮನೆಯಲ್ಲಿ ಮೊಮ್ಮಗಳು ಮಾತಾಡುತ್ತಿರಲಿಲ್ಲ. ಬಂದ ಹೊಸದರಲ್ಲಿ, ಇಲ್ಲಿ ಅಜ್ಜಿಗೆ ಅನ್ನುವಂತೆ ಆಯಿ ಆಯಿ ಎಂದು ಏನೇನೋ ಹೇಳಿದ್ದಿರಬಹುದು. ಆಮೇಲೆ ಬಿಟ್ಟಳು. ಹಸಿವಾದರೆ ತಟ್ಟೆ ತಂದು ನನ್ನೆದುರು ಇಡುವಳು. ಗಲಾಟೆ ಇಲ್ಲದ ಮಗು, ವೆಲ್ ಬಿಹೇವ್ಡ್ ಎಂದುಕೊಂಡೆ.

ಬೇಸಿಗೆಗೆ ಮುಂಚಿನ ಒಂದು ಗುರುವಾರ. ಅಕ್ಕೋರು ಹೊಸ್ತಿಲಲ್ಲಿ ನಿಂತು ನೆರಳಿನ ಪಾಠ ಕೂಗುತ್ತಿದ್ದರು. ಒಂದು ಕೈ ಸೂರ್ಯ, ಒಂದು ಕೈ ಗಿಡ. ಒಳಗೆ ಅಡುಗೆಮನೆಯಲ್ಲಿ ನನ್ನ ಮೊಬೈಲು ಸಣ್ಣಗೆ ಬಡಿದುಕೊಂಡಿತು. "ಫೋನ್ ಬಂತು, ಒಂದು ನಿಮಿಷ" ಎಂದು ಒಳಗೆ ಹೋದೆ. ಅಳಿಯ. "ಅತ್ತಿ, ಹಾಸ್ಟೆಲ್ ಸೀಟು ಆತ್ರಿ. ರೊಕ್ಕ ತುಂಬಾಕ ಹೇಳ್ಯಾರ." ಆಯಿತು ಎಂದು ಇಟ್ಟು ಹೊರಗೆ ಬಂದೆ. ಅಕ್ಕೋರ ಸೂರ್ಯ ಇನ್ನೂ ಮೇಲೆಯೇ ಇದ್ದ. ಕೈ ಇಳಿಸುವುದನ್ನು ಮರೆತಿದ್ದರು.

"ಅಮ್ಮಾರ" ಎಂದರು. ಮೊದಲ ಸಲ ಅವರ ನಿಜವಾದ ದನಿ ಕೇಳಿದೆ. ಮೆತ್ತಗಿತ್ತು. "ನಿಮಗ ಫೋನು ಕೇಳಿಸ್ತೇನ್ರಿ?"

"ಯಾಕೆ ಕೇಳಿಸಬಾರದು?"

"ನಿಮ್ಮ ಹುಡುಗಿ ಹೇಳ್ಯಾಳ್ರಿ. ಸಾಲಿಗೆ ಬಂದ ಹೊಸದಾಗ. ನಮ್ಮ ಆಯಿಗೆ ಕಿವಿ ಕೇಳಸಂಗಿಲ್ಲ, ನಾ ಏನು ಹೇಳಿದ್ರೂ ಹೂಂ ಅನ್ನಂಗಿಲ್ಲ, ಊಂಹೂಂ ಅನ್ನಂಗಿಲ್ಲ ಅಂತ." ಮೇಲೆತ್ತಿದ್ದ ಕೈ ಇಳಿಸಿದರು. "ಅದಕ್ಕs ನಾ ಒದರತಿದ್ದೆ. ತಪ್ಪು ತಿಳೀಬ್ಯಾಡ್ರಿ. ಗಿರಣ್ಯಾಗ ನಿಮಗ ಹೇಳಿದ್ರ ಏನೂ ತಿಳಿಯಂಗಿಲ್ಲ ಅಂತ ಮನಿಗೆ ಬರತಿದ್ದೆ."

ನಗು ಬರಬೇಕಿತ್ತು, ಇಲ್ಲವೆ ಅಳು. ಎರಡೂ ಬರಲಿಲ್ಲ. "ಸಾಲ್ಯಾಗ ಮಾತಾಡ್ತಾಳೇನು?" ಎಂದು ಕೇಳಿದೆ. ನನಗೇ ಗೊತ್ತಿಲ್ಲದೆ ಅವರ ಭಾಷೆಯಲ್ಲೇ ಕೇಳಿದ್ದೆ.

"ಅಯ್ಯ, ಬಾಯಿ ಮುಚ್ಚಂಗಿಲ್ಲ ಬಿಡ್ರಿ."

ಅಂದು ಮೊದಲ ಬಾರಿ ಅವರು ನಮ್ಮ ಕಟ್ಟೆಯ ಮೇಲೆ ಕೂತರು. ಹಾಸ್ಟೆಲಿನ ಮಾತು ಹೇಳಿದೆ. ಸೀಟು ಸಿಕ್ಕಿದ್ದನ್ನೂ ಹೇಳಿದೆ. ಬೇಡ ಎನ್ನಲಿಲ್ಲ. "ಛಲೋ ಸಾಲಿ ಇರಬೇಕ್ರಿ" ಎಂದರು. ಆಮೇಲೆ, ಅಡುಗೆಯವರು ಇನ್ನೊಬ್ಬರ ಮನೆಯ ಒಗ್ಗರಣೆ ಕೇಳುವ ಹಾಗೆ ಕೇಳಿದರು. "ನೀವು ಹಾಸ್ಟೆಲ್‌ನ್ಯಾಗ ಇದ್ದಾಗ, ನೀವೇನು ಕಲ್ತ್ರಿ ಅಂತ ನಿಮ್ಮ ಮನಿಗೆ ಸುದ್ದಿ ಹೆಂಗ ಹೋಗತಿತ್ತು?"

ಹೇಳಿದೆ. ಭಾನುವಾರ ಸಿಸ್ಟರ್ ಬೋರ್ಡಿನ ಮೇಲೆ ಕಾಗದ ಬರೆಯುತ್ತಿದ್ದರು, ನಾವೆಲ್ಲ ನೋಡಿ ಬರೆದುಕೊಳ್ಳುತ್ತಿದ್ದೆವು. 'ಡಿಯರ್ ಫಾದರ್ ಅಂಡ್ ಮದರ್, ಐ ಆಮ್ ವೆಲ್ ಅಂಡ್ ಹ್ಯಾಪಿ.' ನಮ್ಮಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ದವಾಖಾನೆಯ ಕಂಪೌಂಡರನ ಹತ್ತಿರ ಹೋಗಿ ಓದಿಸಿಕೊಂಡು ಬರುತ್ತಿದ್ದನಂತೆ. ವಾರವಾರವೂ ಅದೇ ಕಾಗದ.

"ಅದs ಐತಿ ಅಂತ ಗೊತ್ತಿದ್ರೂ ಹೋಗತಿದ್ರೇನ್ರಿ?"

"ಹೋಗುತ್ತಿದ್ದ."

ಅಕ್ಕೋರು ಎದ್ದು ಸೀರೆ ಕೊಡವಿಕೊಂಡರು. "ಇವತ್ತಿನ ಪ್ರಶ್ನಿ ಹೇಳಿ ಹೋಗ್ತೀನ್ರಿ. ಬೆಳಿಗ್ಗಿ ನೆರಳು ಉದ್ದ ಇರತೈತಿ, ಮಧ್ಯಾಹ್ನ ಗಿಡ್ಡ. ಯಾಕ ಅಂತ ಕೇಳ್ರಿ. ಆಕಿ ಹೇಳದಿದ್ರೂ ನಡೀತೈತಿ."

ಅವತ್ತು ರೊಟ್ಟಿ ಬಡಿಯುತ್ತ, ಒಳಕೋಣೆಯಲ್ಲಿದ್ದ ಮೊಮ್ಮಗಳಿಗೆ ಕೇಳಿದೆ. ಉತ್ತರ ಬರಲಿಲ್ಲ. ನಾನು ಮತ್ತೆ ಕೇಳಲೂ ಇಲ್ಲ. ಸ್ವಲ್ಪ ಹೊತ್ತಿಗೆ ಬಾಗಿಲ ಹಿಂದಿನಿಂದ ಪಿಸುದನಿ ಬಂತು. "ಆಯಿ."

"ಏನವಾ?"

ಪಡಸಾಲೆಯಲ್ಲಿ ಹೆಜ್ಜೆ ಸಪ್ಪಳ. ಈಗ ಅಲ್ಲಿಂದ, ಇನ್ನೂ ಸಣ್ಣಗೆ, "ಆಯಿ."

"ಹೂಂ."

ಹೊರಗೆ ಕಟ್ಟೆಗೆ ಹೋದಳು. ಅಲ್ಲಿಂದ ಮೂರನೆಯ ಕರೆ ನನಗೆ ನಿಜವಾಗಿ ಕೇಳಿಸಿತೋ ಇಲ್ಲವೋ ಇವತ್ತಿಗೂ ಹೇಳಲಾರೆ. ಕೈಯೊಳಗಿನ ಹಿಟ್ಟು ಹಾಗೇ ಬಿಟ್ಟು "ಹೂಂ, ಕೇಳ್ತೈತಿ" ಎಂದೆ. ಓಡಿ ಬಂದು ಒಲೆಯ ಪಕ್ಕ ಕೂತು ನನ್ನ ಕಿವಿಯನ್ನೇ ನೋಡಿದಳು. ಆಮೇಲೆ ನೆರಳಿನ ವಿಷಯ ಶುರುಮಾಡಿದಳು. ಅಲ್ಲಿಂದ ಟೇಲರನ ಬೆಕ್ಕು, ಮಧ್ಯಾಹ್ನದ ಊಟದ ತತ್ತಿ, ಯಾರೋ ಯಾರನ್ನೋ ಚಿವುಟಿದ್ದು. ಮೂರು ರೊಟ್ಟಿ ಹೊತ್ತಿದವು.

ನನಗೆ ಒಳಗೆ ಏನಾದರೂ ಆಯಿತೇ ಎಂದರೆ, ಇಲ್ಲ. ಸುಮ್ಮನೆ ಹೂಂ ಅನ್ನುತ್ತಿದ್ದೆ. ಹೂಂ ಅನ್ನಲು ಒಳಗೆ ಏನೂ ಇರಬೇಕಾಗಿಲ್ಲ ಎಂದು ಅವತ್ತು ತಿಳಿಯಿತು. ಮರುದಿನ ಅಳಿಯನಿಗೆ ಫೋನ್ ಮಾಡಿ ಸೀಟು ಬೇಡ ಎಂದೆ.

"ಯಾಕ್ರಿ ಅತ್ತಿ? ನೀವs ಅಂದಿದ್ರೆಲ್ಲ."

"ಅಂದಿದ್ದೆ. ಈಗ ಬೇಡ ಅಂತೀನಿ."

ಆಮೇಲೆ ಅಕ್ಕೋರು ಮನೆಗೆ ಬರುವುದು ನಿಂತಿತು; ನನಗೂ ಎಲ್ಲರ ಹಾಗೆ ಗಿರಣಿಯಲ್ಲೇ ಹೇಳತೊಡಗಿದರು. ಓಡುವ ಗಿರಣಿಯ ಗದ್ದಲದಲ್ಲಿ ಅವರ ಬಿಸಿ ಉಸಿರು ಕಿವಿಗೆ ತಾಗುತ್ತಿತ್ತು. "ಅಕ್ಷರ ಸಾಸಿವಿ ಚೆಲ್ಲಿದಂಗ ಬರೀತಾಳ್ರಿ. ಬಾಜೂಕಿನಾಕಿ ಪಾಟಿ ನೋಡ್ತಾಳ." ಬೇರೆ ತಾಯಂದಿರು ಅಂಜುತ್ತಿದ್ದ ಆ ಮಾತುಗಳನ್ನು ನಾನು ಕಾಯುತ್ತಿದ್ದೆ. ಅನ್ಯಾಯವಾದದ್ದು ಟೇಲರನಿಗೆ. "ಅಕ್ಕೋರು ಒದರೂದ ಬಿಟ್ರಲ್ರಿ ಅಮ್ಮಾರ, ನನಗ ಗುಣಾಕಾರ ಅರ್ಧಕ್ಕs ನಿಂತೈತಿ" ಎಂದು ದೂರಿದ.

ಏಪ್ರಿಲ್‌ನಲ್ಲಿ ರಜೆ ಬಿಡುವ ದಿನ ಅಕ್ಕೋರು ಮಕ್ಕಳಿಗೆ ಒಂದು ಕೆಲಸ ಹೇಳಿ ಕಳಿಸಿದರು. ಒಂದು ದಾಳಿಂಬೆಯಲ್ಲಿ ಎಷ್ಟು ಕಾಳು ಎಂದು ಎಣಿಸಿ ಬರಬೇಕು, ಹೇಗೆ ಎಣಿಸಿದಿರಿ ಎಂಬುದನ್ನೂ ಹೇಳಬೇಕು. ನಮ್ಮ ಸುತ್ತಿನ ತೋಟಗಳಲ್ಲಿ ದಾಳಿಂಬೆಗೆ ಬರವಿಲ್ಲ.

ಶಾಲೆ ತೆರೆಯುವ ಮೊದಲೇ ಅಕ್ಕೋರು ತೀರಿಕೊಂಡರು. ಮುಂಜಾನೆ ಎದೆ ನೋವು ಎಂದರಂತೆ, ಗಾಡಿ ಬರುವಷ್ಟರಲ್ಲಿ ಮುಗಿದಿತ್ತಂತೆ. ಟೇಲರನೇ ಬಂದು ಹೇಳಿದ. ಮೆಷಿನ್ನಿನ ಮೇಲೆ ಬಟ್ಟೆ ಹೊದಿಸಿ, ಅಂಗಡಿ ಹಾಕಿ, ನಮ್ಮ ಜೊತೆಗೇ ನಡೆದ.

ಅವರ ಮನೆಯ ಅಂಗಳದಲ್ಲಿ ಗೋಡೆಗೆ ಒರಗಿಸಿ ಕೂಡಿಸಿದ್ದರು, ಹಣೆಗೆ ವಿಭೂತಿ ಹಚ್ಚಿ. ಗಿರಣಿಯ ಹೆಂಗಸರೆಲ್ಲ ಅಂದು ಕೂಲಿ ಬಿಟ್ಟು ಬಂದಿದ್ದರು. ನಮ್ಮ ಕಡೆ ಸತ್ತವರನ್ನು ಮಾತಾಡಿಸಿ ಅಳುವುದುಂಟು. ಒಬ್ಬಾಕೆ ಅವರ ಮುಂದೆ ಕೂತು ಎದೆ ಬಡಿದುಕೊಂಡಳು. "ಅಕ್ಕೋರs, ನನ್ನ ಮಗಳು ಹೆಸರು ಬರ್ಯಾಕ ಕಲ್ತಾಳ್ರೀ! ಕಣ್ಣ ತಗದು ನೋಡ್ರೀ!" ಇನ್ನೊಬ್ಬಳು, "ನನ್ನ ಮಗ ರಜಾದಾಗ ಬಸ್ಸಿನ ಬೋರ್ಡು ಓದ್ಯಾನ್ರೀ ಅಕ್ಕೋರ, ಗಂಗಾವತಿ ಅಂತ ತಾನs ಓದ್ಯಾನ್ರೀ!" ಒಬ್ಬರಾದ ಮೇಲೆ ಒಬ್ಬರು ತಮ್ಮ ತಮ್ಮ ಮಕ್ಕಳ ವರದಿ ಒಪ್ಪಿಸುತ್ತಿದ್ದರು. ನಾನು ಕಂಬ ಹಿಡಿದು ನಿಂತಿದ್ದೆ. ನನಗೆ ಅಳು ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಯಾರಾದರೂ ನೋಡಿದ್ದರೆ ದೊಡ್ಡ ಮನೆಯ ಅಮ್ಮಾರಿಗೆ ಎದೆ ಕಲ್ಲು ಎಂದಿರುತ್ತಾರೆ, ಅವರ ತಪ್ಪಿಲ್ಲ.

ಮೊಮ್ಮಗಳು ನನ್ನ ಸೆರಗು ಜಗ್ಗಿದಳು. "ಆಯಿ, ಅಕ್ಕೋರಿಗೆ ಕೇಳಸ್ತೈತೇನು?"

ಸುಳ್ಳು ಹೇಳಬಹುದಿತ್ತು. "ಇಲ್ಲವಾ" ಎಂದೆ.

ಅವಳು ಅಕ್ಕೋರ ಕಡೆ ನೋಡಿದಳು. "ಹಂಗಾರ ನಿನಗs ಹೇಳ್ತೀನಿ" ಎಂದಳು. ಅಷ್ಟು ಜನ ಅಳುತ್ತಿರುವಾಗ ನಾನು ಬಗ್ಗಿದೆ. ಕುತ್ತಿಗೆಗೆ ಕೈ ಹಾಕಿ ಕಿವಿಗೆ ಬಾಯಿ ಹಚ್ಚಿದಳು.

"ದಾಳಿಂಬಿ ಕಾಳು ಹತ್ತತ್ತು ಗುಂಪಿ ಹಾಕಿದ್ನಿ ಆಯಿ. ಹತ್ತು ಗುಂಪಿ ಆದ ಮ್ಯಾಲ ಒಂದು ವಾಟಗದಾಗ ಹಾಕಿ ನೂರು ಅಂದ್ನಿ. ಕಡೀಕ ನಾಲ್ಕು ಉಳದ್ವು, ಗುಂಪಿ ಆಗಲಿಲ್ಲ. ಅವನ್ನ ತಿಂದುಬಿಟ್ನಿ." ಆಮೇಲೆ, ಇನ್ನೂ ಸಣ್ಣಗೆ, "ಅಕ್ಕೋರಿಗೆ ಹೇಳಬ್ಯಾಡ ಮತ್ತ."

"ಹೇಳೂದಿಲ್ಲ" ಎಂದೆ.